ಯಜ್ಞನಾರಾಯಣ ಮಯ್ಯ

ಪಾರಂಪಳ್ಳಿ ಯಜ್ಞನಾರಾಯಣ ಮಯ್ಯ (ನಿಧನ: 1968) ಅವರು ಬೆಂಗಳೂರಿನ ಹೆಸರಾಂತ ಹೋಟೆಲ್ ಉದ್ಯಮಿ. ಲಾಲ್‌ಬಾಗ್ ಸಮೀಪದ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಸಂಸ್ಥೆಯನ್ನು ತಮ್ಮ ಸೋದರರೊಡನೆ ಕಟ್ಟಿ ಬೆಳೆಸಿದವರು. ಸಾರ್ವಜನಿಕ ಉಪಾಹಾರ ಗೃಹಗಳಲ್ಲಿ ಶುಚಿತ್ವವನ್ನು ವ್ಯಾಪಾರದ ತಳಹದಿಯನ್ನಾಗಿ ಮಾಡಿದವರೆಂದೂ, ರವೆ ಇಡ್ಲಿಯನ್ನು ರೂಢಿಗೆ ತಂದ ಸಂಸ್ಥೆಯ ಮುಖ್ಯಸ್ಥರೆಂದೂ ಅವರು ಪ್ರಸಿದ್ಧರಾಗಿದ್ದಾರೆ. ಬೆಳೆಯುತ್ತಿದ್ದ ನಗರವೊಂದರಲ್ಲಿ ಊಟದ ಮನೆಯೊಂದು ಹೇಗೆ ನೆಲೆಯೂರುತ್ತದೆ ಎಂಬುದಕ್ಕೆ ಅವರ ಜೀವನ ಒಂದು ನಿದರ್ಶನವಾಗಿದೆ.

ಹಿನ್ನೆಲೆ

ಮಯ್ಯ ಅವರ ಮನೆತನವು ಇಂದಿನ ಉಡುಪಿ ಜಿಲ್ಲೆಯ ಸಾಲಿಗ್ರಾಮಕ್ಕೆ ಸಮೀಪದ ಪಾರಂಪಳ್ಳಿಗೆ ಸೇರಿದ್ದು. ಆ ಕಾಲದಲ್ಲಿ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಸಣ್ಣ ಹಿಡುವಳಿಯ ಬೇಸಾಯದಿಂದ ಸಂಸಾರ ಸಾಗದ ಕರಾವಳಿಯ ಅನೇಕ ತರುಣರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಘಟ್ಟ ಹತ್ತಿ ಮೈಸೂರು ಸಂಸ್ಥಾನಕ್ಕೂ, ಮದರಾಸು ಮತ್ತು ಮುಂಬಯಿ ನಗರಗಳಿಗೂ ಅಡುಗೆಯ ಕಸುಬನ್ನು ನಂಬಿ ಹೊರಟರು. ದೇವಾಲಯ ಮತ್ತು ಮಠಗಳ ಪಾಕಶಾಲೆಗಳಲ್ಲಿ ಬೆಳೆದುಬಂದ ಸಸ್ಯಾಹಾರದ ಅಡುಗೆ ಅವರ ಬಂಡವಾಳವಾಗಿತ್ತು. ಮುಂದೆ ಉಡುಪಿ ಹೋಟೆಲ್ ಎಂದು ದೇಶದಾದ್ಯಂತ ಹೆಸರಾದ ಪರಂಪರೆಯ ಮೂಲ ಇದೇ.

ಯಜ್ಞನಾರಾಯಣರ ಸೋದರರಾದ ಪರಮೇಶ್ವರ ಮಯ್ಯ ಮತ್ತು ಗಣಪ್ಪಯ್ಯ ಮಯ್ಯ ಇದೇ ರೀತಿ ಬೆಂಗಳೂರಿಗೆ ಬಂದು ಪ್ರತಿಷ್ಠಿತರ ಮನೆಗಳಲ್ಲಿ ಅಡುಗೆಯವರಾಗಿ ದುಡಿದರು.

ಬ್ರಾಹ್ಮಣ ಕಾಫಿ ಕ್ಲಬ್

1924ರಲ್ಲಿ ಮಯ್ಯ ಸೋದರರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಚಿಕ್ಕ ಉಪಾಹಾರ ಗೃಹವನ್ನು ತೆರೆದರು. ಕಾಫಿ ಮತ್ತು ಇಡ್ಲಿ ಅಲ್ಲಿನ ಮುಖ್ಯ ತಿನಿಸುಗಳಾಗಿದ್ದವು. ಸ್ಥಳದ ಆಯ್ಕೆ ಅವರಿಗೆ ಅನುಕೂಲವಾಯಿತು. ಒಂದು ಕಡೆ ಹೈದರಾಲಿಯ ಕಾಲದಿಂದ ಬೆಳೆದುಬಂದ ಸಸ್ಯೋದ್ಯಾನ, ಇನ್ನೊಂದು ಕಡೆ ಕೋಟೆ ಮತ್ತು ಪೇಟೆಯ ವ್ಯಾಪಾರ ಬೀದಿಗಳು. 1898ರ ಪ್ಲೇಗ್ ಪಿಡುಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಂದು ನೆಲೆಸಿದ್ದ ಬಸವನಗುಡಿ ಬಡಾವಣೆಯೂ ದೂರವಿರಲಿಲ್ಲ. ಬೆಳಗಿನ ವಾಯುಸಂಚಾರಕ್ಕೆ ಬರುವವರೂ ಪೇಟೆಗೆ ಹೋಗಿಬರುವವರೂ ಸಹಜವಾಗಿ ಹಾದುಹೋಗುವ ದಾರಿಯಲ್ಲಿ ಹೋಟೆಲು ನಿಂತಿತು.

ಆ ದಿನಗಳಲ್ಲಿ ಮನೆಯ ಹೊರಗೆ ಊಟ ಮಾಡುವುದನ್ನು ಅನೇಕ ಕುಟುಂಬಗಳು ಒಪ್ಪುತ್ತಿರಲಿಲ್ಲ. ಯಾರು ಬೇಯಿಸಿದರು, ಹೇಗೆ ಬೇಯಿಸಿದರು ಎಂಬ ಶಂಕೆಯೇ ಇದಕ್ಕೆ ಕಾರಣ. ಹೋಟೆಲುಗಳು ಜಾತಿಯ ಹೆಸರನ್ನು ಫಲಕದಲ್ಲಿ ಬರೆಸುತ್ತಿದ್ದುದರ ಹಿಂದೆ ಈ ಶಂಕೆಯನ್ನು ನಿವಾರಿಸುವ ಉದ್ದೇಶವಿತ್ತು. ಅದೇ ಪದ್ಧತಿಯು ಹಲವು ಊರುಗಳಲ್ಲಿ ಪ್ರತ್ಯೇಕ ಪಂಕ್ತಿಗೂ ಪ್ರವೇಶದ ನಿರ್ಬಂಧಕ್ಕೂ ದಾರಿಮಾಡಿತ್ತು.

1929ರಲ್ಲಿ ಪರಮೇಶ್ವರ ಮಯ್ಯ ನಿಧನರಾದರು. ಮುಂದೆ ಹೋಟೆಲಿನ ಹೊಣೆ ಯಜ್ಞನಾರಾಯಣ ಮಯ್ಯ ಅವರ ಮೇಲೆ ಬಂದಿತು.

ಯುದ್ಧಕಾಲ ಮತ್ತು ರವೆ ಇಡ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಪಾನಿನ ಸೇನೆ ಬರ್ಮಾವನ್ನು ಆಕ್ರಮಿಸಿದ್ದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ದಕ್ಷಿಣ ಭಾರತದಲ್ಲಿ ಅಕ್ಕಿಯ ಅಭಾವ ತಲೆದೋರಿತು. ಇಡ್ಲಿಯನ್ನೇ ನೆಚ್ಚಿಕೊಂಡ ಉಪಾಹಾರ ಗೃಹಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಯಿತು. ಈ ಸಂದರ್ಭದಲ್ಲಿ ಮಯ್ಯ ಅವರ ಅಡುಗೆಮನೆಯಲ್ಲಿ ಅಕ್ಕಿಯ ಬದಲು ಗೋಧಿ ರವೆಯನ್ನು ಬಳಸಿ ಇಡ್ಲಿ ತಯಾರಿಸುವ ಪ್ರಯೋಗ ನಡೆಯಿತು.

ರವೆಯನ್ನು ಹುರಿದು, ಸಾಸಿವೆ, ಗೋಡಂಬಿ ಮುಂತಾದವುಗಳ ಒಗ್ಗರಣೆ ಸೇರಿಸಿ, ಮೊಸರಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸುವ ಈ ತಿನಿಸಿಗೆ ಅಕ್ಕಿ ಮತ್ತು ಉದ್ದನ್ನು ರುಬ್ಬಿ ರಾತ್ರಿಯಿಡೀ ಹುದುಗಿಸುವ ಅಗತ್ಯವಿಲ್ಲ. ಕೊರತೆಯ ಕಾಲದ ಬದಲಿ ವಸ್ತುವಾಗಿ ಹುಟ್ಟಿದರೂ ಯುದ್ಧಾನಂತರವೂ ಜನ ಅದನ್ನು ಬಿಡಲಿಲ್ಲ. ತುಪ್ಪ, ಆಲೂಗಡ್ಡೆ ಸಾಗು ಮತ್ತು ಚಟ್ನಿಯೊಂದಿಗೆ ಬಡಿಸುವ ರವೆ ಇಡ್ಲಿ ಸಂಸ್ಥೆಯ ಗುರುತಾಯಿತು. ಕ್ರಮೇಣ ಕರ್ನಾಟಕದ ಹೋಟೆಲುಗಳಲ್ಲೂ ಮನೆಗಳಲ್ಲೂ ನಿತ್ಯದ ತಿಂಡಿಯಾಯಿತು.

ಯೂರೋಪ್ ಪ್ರವಾಸ

ಇದೇ ಅವಧಿಯಲ್ಲಿ ಬೆಂಗಳೂರಿನ ಸ್ವರೂಪ ಬದಲಾಗುತ್ತಿತ್ತು. 1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ದೂರವಾಣಿ ಕಾರ್ಖಾನೆಯೂ ಸ್ಥಾಪನೆಯಾದವು. 1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳು ಒಂದೇ ಪೌರಾಡಳಿತಕ್ಕೆ ಸೇರಿದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ 7.7 ಲಕ್ಷವನ್ನು ಮೀರಿತು. ಸಂಸಾರವನ್ನು ಊರಿನಲ್ಲಿ ಬಿಟ್ಟು ದುಡಿಮೆಗೆ ಬಂದವರಿಗೆ ಹೋಟೆಲಿನ ಊಟ ಅನಿವಾರ್ಯವಾಯಿತು.

1951ರಲ್ಲಿ ಮಯ್ಯ ಅವರು ಯೂರೋಪಿನಲ್ಲಿ ಪ್ರವಾಸ ಮಾಡಿ ಅಲ್ಲಿನ ಉಪಾಹಾರ ಗೃಹಗಳ ನಿರ್ವಹಣೆಯನ್ನು ಪರಿಶೀಲಿಸಿದರು. ಅಲ್ಲಿನ ಶುಚಿತ್ವ, ಶಿಸ್ತು ಮತ್ತು ಕೆಲಸದ ವ್ಯವಸ್ಥೆ ಅವರ ಮೇಲೆ ಗಾಢವಾದ ಪ್ರಭಾವ ಬೀರಿದವು. ಹಿಂದಿರುಗಿದ ಮೇಲೆ ಅವರು ಪಾತ್ರೆ ಹಾಗೂ ಚಮಚಗಳನ್ನು ಕ್ರಿಮಿರಹಿತವಾಗಿಸುವ ಪದ್ಧತಿಯನ್ನು ಜಾರಿಗೆ ತಂದರು. ಶುಚಿತ್ವ ಮತ್ತು ಊಟದ ಶಿಷ್ಟಾಚಾರಗಳನ್ನು ಕುರಿತ ಚಿಕ್ಕ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಗಿರಾಕಿಗಳಲ್ಲಿ ಅರಿವು ಮೂಡಿಸಲು ಯತ್ನಿಸಿದರು. ಅವರು ಯೂರೋಪಿನಿಂದ ತಂದದ್ದು ಅಲ್ಲಿನ ತಿನಿಸುಗಳನ್ನಲ್ಲ, ಕೆಲಸದ ಕ್ರಮವನ್ನು ಎಂಬುದು ಗಮನಾರ್ಹ. ಅಡುಗೆ ಕರಾವಳಿ ಮತ್ತು ಮೈಸೂರು ಸೀಮೆಯದಾಗಿಯೇ ಉಳಿಯಿತು.

ಮಾವಳ್ಳಿ ಟಿಫಿನ್ ರೂಮ್ಸ್

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ಪಡೆಯಿತು. ಅದಕ್ಕೆ ಹತ್ತು ವರ್ಷ ಮೊದಲು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಜಾತಿ, ಮತ ಮುಂತಾದ ಕಾರಣಗಳಿಂದ ಭೇದ ಮಾಡುವುದನ್ನು ನಿಷೇಧಿಸಿತ್ತು. ಹಳೆಯ ಹೆಸರು ಸಮುದಾಯವನ್ನು ಸೂಚಿಸುತ್ತಿದ್ದರೆ ಹೊಸ ಹೆಸರು ಬಡಾವಣೆಯನ್ನೂ ತಿಂಡಿಯನ್ನೂ ಮಾತ್ರ ಸೂಚಿಸಿತು.

ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಲು ಅವಕಾಶ ನೀಡಿದ್ದು ಸಂಸ್ಥೆಯ ವಿಶಿಷ್ಟ ಪದ್ಧತಿ. ಒಂದು ಕಾಲದಲ್ಲಿ ಅಡುಗೆಯವರ ಜಾತಿ ನೀಡುತ್ತಿದ್ದ ಭರವಸೆಯನ್ನು ಇಲ್ಲಿ ತೆರೆದ ಅಡುಗೆಮನೆ ನೀಡಿತು. ಯಾವ ಸಮುದಾಯದವರೇ ಆದರೂ ಸ್ವತಃ ಪರೀಕ್ಷಿಸಬಹುದಾದ ಭರವಸೆ ಅದಾಗಿತ್ತು. ಬೆಳ್ಳಿಯ ಲೋಟದಲ್ಲಿ ಕೊಡುವ ಕಾಫಿ, ಮಿತವಾದ ತಿಂಡಿಗಳ ಪಟ್ಟಿ ಮತ್ತು ಬಾಗಿಲಲ್ಲಿ ಸರದಿಗಾಗಿ ಕಾಯುವ ಗಿರಾಕಿಗಳು ಮಾವಳ್ಳಿಯ ಚಿತ್ರದ ಭಾಗವಾದರು.

ನಿಧನ ಮತ್ತು ನಂತರದ ಬೆಳವಣಿಗೆ

ಯಜ್ಞನಾರಾಯಣ ಮಯ್ಯ ಅವರು 1968ರಲ್ಲಿ ನಿಧನರಾದರು. ಆಡಳಿತದ ಹೊಣೆಯನ್ನು ಹರಿಶ್ಚಂದ್ರ ಮಯ್ಯ ವಹಿಸಿಕೊಂಡರು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಬಹಳ ಕೆಳಮಟ್ಟದಲ್ಲಿ ನಿಗದಿಪಡಿಸಿದಾಗ, ಗುಣಮಟ್ಟವನ್ನು ತಗ್ಗಿಸದೆ ವ್ಯಾಪಾರ ನಡೆಸುವುದು ಕಷ್ಟವಾಯಿತು. ಈ ಸಂಕಷ್ಟವೇ ರವೆ ಇಡ್ಲಿ ಮೊದಲಾದ ತಿಂಡಿಗಳ ಸಿದ್ಧ ಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರುವ ಉದ್ಯಮಕ್ಕೆ ಪ್ರೇರಣೆಯಾಯಿತು. ಪೊಟ್ಟಣ ಆಹಾರದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಖರೀದಿಸಿತು. ಹೋಟೆಲುಗಳು ಮಯ್ಯ ಮನೆತನದ ಕೈಯಲ್ಲೇ ಉಳಿದವು.

ಮಹತ್ತ್ವ

ಬೆಂಗಳೂರಿನ ಊಟದ ಮನೆಗಳ ಸ್ವರೂಪ ಮಯ್ಯ ಅವರ ನಂತರ ಹಲವು ಬಾರಿ ಬದಲಾಗಿದೆ. 1980ರ ದಶಕದಲ್ಲಿ ನಿಂತು ತಿನ್ನುವ ದರ್ಶಿನಿಗಳು ಬಂದವು. ಬಳಿಕ ಮಾಲ್‌ಗಳ ಒಳಗೆ ಹತ್ತಾರು ಮಳಿಗೆಗಳನ್ನು ಒಂದೇ ಸೂರಿನಡಿ ಸೇರಿಸಿದ ಫುಡ್ ಕೋರ್ಟ್‌ಗಳು ಬಂದವು. ಮಾವಳ್ಳಿಗೆ ಹತ್ತಿರದ ವಿಶ್ವೇಶ್ವರಪುರದ ತಿಂಡಿ ಬೀದಿಯನ್ನು ಮಹಾನಗರ ಪಾಲಿಕೆ ಮರುಅಭಿವೃದ್ಧಿಗೆ ಕೈಗೆತ್ತಿಕೊಂಡಾಗ, ಕಾಮಗಾರಿಯಿಂದ ವ್ಯಾಪಾರ ಕುಸಿಯುತ್ತಿದೆ ಎಂಬ ಅಳಲು ಅಂಗಡಿಯವರಿಂದ ಕೇಳಿಬಂದಿತು. ಕಲ್ಲುಹಾಸು ಮತ್ತು ದೀಪಗಳ ಅಲಂಕಾರದಿಂದ ಬೀದಿ ಅಂದವಾಗಬಹುದು. ಆದರೆ ನಿತ್ಯದ ಗಿರಾಕಿಯ ದಾರಿ ತಪ್ಪಿದರೆ ಅಂಗಡಿ ಉಳಿಯುವುದು ಕಷ್ಟ.

ಈ ಹಿನ್ನೆಲೆಯಲ್ಲಿ ಮಯ್ಯ ಅವರ ಕ್ರಮಗಳು ಮಹತ್ತ್ವ ಪಡೆಯುತ್ತವೆ. ಜನ ಹೇಗೂ ನಡೆದಾಡುವ ದಾರಿಯಲ್ಲಿ ಅವರ ಹೋಟೆಲು ಇತ್ತು. ಕೆಲವೇ ತಿನಿಸುಗಳನ್ನು ಪ್ರತಿದಿನ ಒಂದೇ ರುಚಿಯಲ್ಲಿ ಒದಗಿಸಿತು. ಅಕ್ಕಿ ಸಿಗದಾಗ ಬಾಗಿಲು ಮುಚ್ಚದೆ ರವೆಗೆ ಹೊರಳಿತು. ಕಟ್ಟಡ ಹೊಸದಾದಾಗಲೂ ಬಡಾವಣೆಯನ್ನು ಬಿಡಲಿಲ್ಲ. ಹೊರಗೆ ಉಣ್ಣಲು ಹಿಂಜರಿಯುತ್ತಿದ್ದ ಸಮಾಜವು ಸಾರ್ವಜನಿಕ ಊಟದ ಮನೆಯನ್ನು ನಂಬಲು ಕಲಿತ ಬಗೆಯಲ್ಲಿ ಯಜ್ಞನಾರಾಯಣ ಮಯ್ಯ ಅವರ ಪಾಲು ದೊಡ್ಡದು.