ಮರೆತ ಅಕ್ಷರಗಳನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಸಾಹೇಬರು

ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ಕಾಣದ ವಿದ್ಯಾರ್ಥಿನಿಯು ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಹನ್ನೆರಡನೆಯ ಶತಮಾನದ ಆ ಗುಡಿಯ ಗರ್ಭಗೃಹದ ಹೊರಗೋಡೆಯು ೨೪ ಮೂಲೆಗಳುಳ್ಳ ನಕ್ಷತ್ರದ ಆಕಾರದಲ್ಲಿ ಸುತ್ತಿಕೊಂಡಿರುವದು. ಅದೇ ಊರಿನಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದ, ಕ್ರಿಸ್ತಶಕ ೧೦೯೫ನೆಯ ವರ್ಷದ ಒಂದು ಶಿಲಾಶಾಸನವೂ ಉಂಟು. ಅದರಲ್ಲಿ ಬೌದ್ಧರ ತಾರಾದೇವಿಯ ಹೆಸರೂ, ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರದ ಸಂಗತಿಯೂ ಕೆತ್ತಲ್ಪಟ್ಟಿವೆ. ಆ ಕಲ್ಲನ್ನು ಓದುವವರು ಇಲ್ಲದೆ ಹೋಗಿದ್ದರೆ, ನಮ್ಮ ಊರಿನಲ್ಲಿ ಬೌದ್ಧರು ಬಾಳಿದ್ದರೆಂಬ ಮಾತು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಲ್ಲು ನಿಂತಲ್ಲಿಯೇ ನಿಂತಿರುವದು. ಓದುವವರು ಅಳಿದರೆ ಅದು ಮೂಕವಾಗುವದು.

ಡಂಬಳದ ಶಾಸನದ ಹಳಗನ್ನಡ ಲಿಪಿಯನ್ನು ಪಂಡಿತರು ಪ್ರಯಾಸದಿಂದಲಾದರೂ ಓದಬಲ್ಲವರಾಗಿದ್ದರು. ಆದರೆ ಇದಕ್ಕಿಂತ ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದಾದ ಅಶೋಕಚಕ್ರವರ್ತಿಯ ಶಾಸನಗಳನ್ನು ಓದುವವರು ಭರತಖಂಡದಲ್ಲಿ ಒಬ್ಬರೂ ಉಳಿದಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜಶಹಾ ತುಘಲಕನು ಅಶೋಕನ ಕಂಬಗಳನ್ನು ದಿಲ್ಲಿಗೆ ಸಾಗಿಸಿ, ಅವುಗಳ ಮೇಲಿನ ಬರಹವನ್ನು ಓದಿಸಲು ಪ್ರಯತ್ನಪಟ್ಟನು, ಯಾರಿಂದಲೂ ಸಾಧ್ಯವಾಗಲಿಲ್ಲ. ಹೀಗೆ ಮೂಕವಾಗಿದ್ದ ಕಲ್ಲುಗಳಿಗೆ ಬಾಯಿ ಬರಿಸಿದವರೇ ಜೇಮ್ಸ್ ಪ್ರಿನ್ಸೆಪ್ ಸಾಹೇಬರು. ಆ ಕಾರ್ಯದಲ್ಲಿ ಅವರ ಕೈಗೆ ದೊರೆತ ಒಂದು ದೊಡ್ಡ ಆಧಾರವು ಗ್ರೀಕ್ ವರ್ಣಮಾಲೆಯಾಗಿತ್ತು.

ಪ್ರಿನ್ಸೆಪ್ ಸಾಹೇಬರು ೧೭೯೯ನೆಯ ಇಸವಿಯ ಆಗಸ್ಟ್ ತಿಂಗಳ ೨೦ನೆಯ ತಾರೀಖಿನಲ್ಲಿ ಇಂಗ್ಲಂಡದಲ್ಲಿ ಜನಿಸಿದರು. ತಂದೆಯಾದ ಜಾನ್ ಪ್ರಿನ್ಸೆಪರು ಬರಿಗೈಯಿಂದ ಬಂಗಾಲಕ್ಕೆ ಬಂದು, ನೀಲಿಯ ವ್ಯಾಪಾರದಿಂದ ಐಶ್ವರ್ಯವಂತರಾಗಿ ಸ್ವದೇಶಕ್ಕೆ ಮರಳಿದವರು. ಆದರೆ ಆ ಐಶ್ವರ್ಯವು ನಿಲ್ಲಲಿಲ್ಲ. ಬಹು ಮಕ್ಕಳ ಆ ಮನೆಯಲ್ಲಿ ಜೇಮ್ಸರು ಏಳನೆಯ ಗಂಡುಮಗನು. ಚಿತ್ರ ಬರೆಯುವದರಲ್ಲಿಯೂ ಸೂಕ್ಷ್ಮವಾದ ಕೈಗೆಲಸದಲ್ಲಿಯೂ ಅವರಿಗೆ ಹುಟ್ಟುಗುಣದಿಂದಲೇ ಪ್ರೀತಿಯಿದ್ದದರಿಂದ ಕಟ್ಟಡಶಿಲ್ಪವನ್ನು ಕಲಿಯಲು ಪ್ಯುಗಿನ್ ಎಂಬ ಶಿಲ್ಪಿಯ ಬಳಿಗೆ ಕಳುಹಿದರು. ಅಷ್ಟರಲ್ಲಿ ಕಣ್ಣುಬೇನೆಯು ಬಂದು ದೃಷ್ಟಿಯು ಮಂದವಾಯಿತು. ಆ ವಿದ್ಯೆಯನ್ನು ಬಿಡಬೇಕಾಯಿತು. ಮುಂದೆ ಅಳಿಸಿಹೋದ ಅಕ್ಷರಗಳನ್ನು ದಿಟ್ಟಿಸಿ ನೋಡುವದರಲ್ಲಿಯೇ ಆಯುಷ್ಯವನ್ನು ಸವೆಸಿದ ಈ ಪುರುಷರಿಗೆ ಬಾಲ್ಯದಲ್ಲಿ ಒದಗಿದ ವಿಘ್ನವು ಕಣ್ಣಿನದೇ ಎಂಬದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಕಣ್ಣು ತುಸು ಸುಧಾರಿಸಿದ ಮೇಲೆ ಅವರು ರಸಾಯನಶಾಸ್ತ್ರವನ್ನು ಅಭ್ಯಾಸಮಾಡಿ, ಲಂಡನ್ನಿನ ಟಂಕಸಾಲೆಯಲ್ಲಿ ಬಂಗಾರ ಬೆಳ್ಳಿಗಳ ಚೊಕ್ಕತನವನ್ನು ಪರೀಕ್ಷಿಸುವ ಕೆಲಸವನ್ನು ಕಲಿತರು. ೧೮೧೯ನೆಯ ಇಸವಿಯ ಸಪ್ಟಂಬರದಲ್ಲಿ, ಇಪ್ಪತ್ತು ವರ್ಷದ ತರುಣರಾಗಿ, ಕಲಕತ್ತೆಯ ಟಂಕಸಾಲೆಗೆ ಸಹಾಯಕ ಪರೀಕ್ಷಕರಾಗಿ ಬಂದಿಳಿದರು. ಅಲ್ಲಿ ಅವರ ಮೇಲಧಿಕಾರಿಗಳು ಸಂಸ್ಕೃತ ವಿದ್ವಾಂಸರೆಂದು ಪ್ರಸಿದ್ಧರಾದ ವಿಲ್ಸನ್ ಸಾಹೇಬರು. ಮರುವರುಷವೇ ಪ್ರಿನ್ಸೆಪರನ್ನು ಕಾಶಿಯ ಟಂಕಸಾಲೆಗೆ ಕಳುಹಿದರು.

ಕಾಶಿಯಲ್ಲಿ ಕಳೆದ ಹತ್ತು ವರುಷಗಳಲ್ಲಿ ಅವರು ತಮ್ಮ ಕಚೇರಿಯ ಕೆಲಸವೊಂದರಿಂದಲೇ ತೃಪ್ತರಾಗಲಿಲ್ಲ. ಪಟ್ಟಣದ ನಕಾಶೆಯನ್ನು ತಯಾರಿಸಿದರು, ಜನಗಣತಿಯನ್ನು ಮಾಡಿದರು, ನಿಂತು ಕೊಳೆತ ನೀರು ಗಂಗೆಗೆ ಹರಿದುಹೋಗುವಂತೆ ನೆಲದೊಳಗೆ ಕಾಲುವೆಯನ್ನು ಕಟ್ಟಿಸಿದರು, ಕರ್ಮನಾಶಾ ನದಿಗೆ ಸೇತುವೆಯನ್ನು ಹಾಕಿಸಿದರು, ಬೀಳುವ ಸ್ಥಿತಿಗೆ ಬಂದಿದ್ದ ಔರಂಗಜೇಬನ ಮಸೀದೆಯ ಮಿನಾರುಗಳನ್ನು ಭದ್ರಪಡಿಸಿದರು. ಒಂದು ಗ್ರೇನಿನ ಮೂರು ಸಾವಿರದಲ್ಲೊಂದು ಪಾಲನ್ನು ತೋರಿಸಬಲ್ಲ ಸೂಕ್ಷ್ಮವಾದ ತಕ್ಕಡಿಯನ್ನು ತಾವೇ ರಚಿಸಿದರು. ಕುಲುಮೆಯ ಅತಿಶಯವಾದ ಉಷ್ಣವನ್ನು ಅಳೆಯುವ ಕುರಿತು ಅವರು ಬರೆದ ಲೇಖನಕ್ಕೆ ಮೆಚ್ಚಿ, ೧೮೨೮ರಲ್ಲಿ ಲಂಡನ್ನಿನ ರಾಯಲ್ ಸೊಸಾಯಿಟಿಯವರು ಅವರನ್ನು ತಮ್ಮ ಸದಸ್ಯರನ್ನಾಗಿ ಆರಿಸಿಕೊಂಡರು.

೧೮೩೦ರಲ್ಲಿ ಕಾಶಿಯ ಟಂಕಸಾಲೆಯು ಮುಚ್ಚಿದ್ದರಿಂದ ಸಾಹೇಬರು ಕಲಕತ್ತೆಗೆ ಮರಳಿದರು. ೧೮೩೨ರಲ್ಲಿ ವಿಲ್ಸನ್ ಸಾಹೇಬರು ಸ್ವದೇಶಕ್ಕೆ ಹೋಗಲು, ಟಂಕಸಾಲೆಯ ಮುಖ್ಯ ಪರೀಕ್ಷಕರ ಹುದ್ದೆಯೂ ಏಶಿಯಾಟಿಕ್ ಸೊಸಾಯಿಟಿಯ ಕಾರ್ಯದರ್ಶಿಯ ಸ್ಥಾನವೂ ಇವರಿಗೆ ಬಂದವು. ಆಗ ಈ ದೇಶದಲ್ಲಿ ಊರಿಗೊಂದು ತೂಕ, ಸಂಸ್ಥಾನಕ್ಕೊಂದು ರೂಪಾಯಿ ಇದ್ದವು. ತೂಕ ನಾಣ್ಯಗಳನ್ನು ಒಂದೇ ಕ್ರಮಕ್ಕೆ ತರಬೇಕೆಂದು ಇವರು ಶ್ರಮಪಟ್ಟರು. ೧೮೩೩ರಲ್ಲಿ ತೊಲೆಗೆ ೧೮೦ ಗ್ರೇನುಗಳೆಂದು ಗೊತ್ತಾಯಿತು; ೧೮೩೫ರಲ್ಲಿ ಅದೇ ತೂಕದ ರೂಪಾಯಿಯು ಕಂಪನಿಯ ರಾಜ್ಯಕ್ಕೆಲ್ಲ ಒಂದೇ ಆಗಿ ಚಲಾವಣೆಗೆ ಬಂದಿತು. ಅದೇ ವರುಷದ ಏಪ್ರಿಲಿನಲ್ಲಿ ಸಾಹೇಬರು ಹ್ಯಾರಿಯೆಟ್ ಎಂಬ ಕನ್ಯೆಯನ್ನು ವಿವಾಹವಾದರು.

ನಾಣ್ಯವನ್ನು ತೂಗುವ ಕೈಗೆ ಹಳೆಯ ನಾಣ್ಯಗಳೂ ಬಂದು ಸೇರತೊಡಗಿದವು. ಪಂಜಾಬದಿಂದಲೂ ಕಾಬೂಲಿನ ಕಡೆಯಿಂದಲೂ ಮ್ಯಾಸನ್, ವೆಂಚುರಾ, ಕೋರ್ಟ್ ಮೊದಲಾದವರು ಸ್ತೂಪಗಳಲ್ಲಿಯೂ ಬಯಲುಗಳಲ್ಲಿಯೂ ದೊರೆತ ನಾಣ್ಯಗಳನ್ನು ಸಂಗ್ರಹಿಸಿದರು. ಇವು ಅಲೆಕ್ಸಾಂಡರನ ತರುವಾಯ ವಾಯವ್ಯ ಪ್ರಾಂತದಲ್ಲಿ ಆಳಿದ ಯವನ ಅರಸರವು. ಇವುಗಳಲ್ಲಿ ಬಹಳಷ್ಟರ ಒಂದು ಮಗ್ಗಲಿಗೆ ಗ್ರೀಕ್ ಅಕ್ಷರಗಳು. ಇನ್ನೊಂದು ಮಗ್ಗಲಿಗೆ ಯಾರೂ ಅರಿಯದ ವಿಚಿತ್ರವಾದ ಗೆರೆಗಳು.

ಇಲ್ಲಿ ಗ್ರೀಕ್ ವರ್ಣಮಾಲೆಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳುವದು ಅವಶ್ಯವು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಹೊತ್ತಿಗೆ ಗ್ರೀಕರು ಫಿನೀಶಿಯಾ ದೇಶದ ವ್ಯಾಪಾರಿಗಳಿಂದ ಅಕ್ಷರಗಳನ್ನು ಕಲಿತರು. ಆ ವ್ಯಾಪಾರಿಗಳ ೨೨ ಅಕ್ಷರಗಳೂ ವ್ಯಂಜನಗಳೇ. ಸ್ವರಗಳನ್ನು ಓದುವವನೇ ಊಹಿಸಿಕೊಳ್ಳಬೇಕಾಗಿತ್ತು. ಗ್ರೀಕರು ತಮ್ಮ ನಾಲಿಗೆಗೆ ಬೇಡವಾದ ಕೆಲವು ವ್ಯಂಜನಚಿಹ್ನೆಗಳನ್ನು ಸ್ವರಗಳಿಗೆ ಉಪಯೋಗಿಸಿಕೊಂಡರು. ಎತ್ತಿನ ಹೆಸರುಳ್ಳ ಆಲೆಫ್ ಎಂಬದು ಆಲ್ಫಾ ಆಗಿ ಅಕಾರಕ್ಕೆ ನಿಂತಿತು. ಮನೆಯ ಹೆಸರುಳ್ಳ ಬೇತ್ ಎಂಬದು ಬೀಟಾ ಆಯಿತು. ಇವೆರಡರ ಹೆಸರುಗಳು ಕೂಡಿಯೇ ಇಂಗ್ಲಿಷಿನ ಆಲ್ಫಾಬೆಟ್ ಎಂಬ ಶಬ್ದವು ಹುಟ್ಟಿದೆ. ಕ್ರಿಸ್ತಪೂರ್ವ ೪೦೩ರಲ್ಲಿ ಅಥೆನ್ಸ್ ಪಟ್ಟಣದವರು ಆಲ್ಫಾದಿಂದ ಓಮೆಗಾದ ವರೆಗಿನ ೨೪ ಅಕ್ಷರಗಳ ಮಾಲೆಯನ್ನು ಸ್ವೀಕರಿಸಿದರು. ದೊಡ್ಡಬಸಪ್ಪನ ಗುಡಿಯ ಮೂಲೆಗಳ ಸಂಖ್ಯೆಯೂ ಇಷ್ಟೇ ಆದದರಿಂದ ನಮ್ಮ ಹುಡುಗಿಯರಿಗೆ ಇದನ್ನು ನೆನಪಿಡುವದು ಸುಲಭವು. ಹೊಸ ಒಡಂಬಡಿಕೆಯು ಮೊದಲು ಬರೆಯಲ್ಪಟ್ಟದ್ದು ಈ ಅಕ್ಷರಗಳಲ್ಲಿಯೇ. ವರ್ತುಲದ ಪರಿಧಿಯನ್ನು ಲೆಕ್ಕಹಾಕುವಾಗ ಬರುವ ಪೈ, ಕೋನಕ್ಕೆ ಇಡುವ ಥೀಟಾ, ನಕ್ಷತ್ರಗಳಿಗೂ ಕಿರಣಗಳಿಗೂ ಇಟ್ಟ ಆಲ್ಫಾ, ಬೀಟಾ, ಗಾಮಾ, ಇವೆಲ್ಲ ಈ ಮಾಲೆಯ ಮಣಿಗಳೇ. ೨೦೨೧ರಲ್ಲಿ ಕೊರೋನಾ ರೋಗಾಣುವಿನ ಭೇದಗಳಿಗೆ ಡೆಲ್ಟಾ, ಓಮಿಕ್ರಾನ್ ಎಂದು ಹೆಸರಿಟ್ಟದ್ದನ್ನು ತಂದೆತಾಯಿಗಳು ಮರೆತಿರಲಾರರು.

ಗ್ರೀಕ್ ಅಕ್ಷರಗಳ ವಿಶೇಷವೇನಂದರೆ, ಅವುಗಳನ್ನು ಓದುವ ಪರಂಪರೆಯು ಎಂದೂ ಕಡಿಯಲಿಲ್ಲ. ಆದಕಾರಣ ನಾಣ್ಯದ ಆ ಮಗ್ಗಲನ್ನು ಓದುವದು ಸಾಹೇಬರಿಗೆ ಕಷ್ಟವಾಗಲಿಲ್ಲ. ಅರಸನ ಎಂಬರ್ಥದ ಬಸಿಲೆಓಸ್, ರಕ್ಷಕನ ಎಂಬರ್ಥದ ಸೋಟೆರೋಸ್, ಮೆನಾಂಡರ್, ಅಪೊಲೊಡೋಟಸ್ ಮೊದಲಾದ ಅರಸರ ಹೆಸರುಗಳು ಸ್ಪಷ್ಟವಾಗಿದ್ದವು. ಇನ್ನೊಂದು ಮಗ್ಗಲಿನಲ್ಲಿಯೂ ಅವೇ ಹೆಸರುಗಳಿರಬೇಕೆಂದು ಮೊದಲು ಸೂಚಿಸಿದವರು ಮ್ಯಾಸನ್ನರು. ಪ್ರಿನ್ಸೆಪರು ಆ ಸೂಚನೆಯನ್ನು ಹಿಡಿದು, ಹೆಸರಿಗೆ ಹೆಸರನ್ನು ಒತ್ತಟ್ಟಿಗಿಟ್ಟು, ಒಂದೊಂದೇ ಅಕ್ಷರವನ್ನು ಬಿಡಿಸುತ್ತ ಹೋದರು. ಆ ಬರಹವು ಬಲದಿಂದ ಎಡಕ್ಕೆ ಓಡುವದು, ಭಾಷೆಯು ಪ್ರಾಕೃತವು, ಬಸಿಲೆಓಸ್ ಎಂಬಲ್ಲಿ ಮಹರಜಸ ಎಂದೂ, ಸೋಟೆರೋಸ್ ಎಂಬಲ್ಲಿ ತ್ರತರಸ ಎಂದೂ ಇರುವದು. ಈ ಲಿಪಿಗೆ ಖರೋಷ್ಠಿಯೆಂದು ಹೆಸರು. ಮೊದಮೊದಲು ಕೆಲವು ಅಕ್ಷರಗಳನ್ನು ಅವರು ತಪ್ಪಾಗಿ ಓದಿದರು. ಹೆಚ್ಚಿನ ನಾಣ್ಯಗಳು ದೊರೆತಂತೆ ತಮ್ಮ ತಪ್ಪನ್ನು ತಾವೇ ಪ್ರಕಟವಾಗಿ ತಿದ್ದಿಕೊಂಡರು.

ಅಶೋಕನ ಕಂಬಗಳ ಬ್ರಾಹ್ಮೀ ಲಿಪಿಯು ಇನ್ನೂ ಉಳಿದಿತ್ತು. ೧೮೩೬ರಲ್ಲಿ ಜರ್ಮನಿಯ ಲಾಸ್ಸನ್ ಪಂಡಿತರು ಗ್ರೀಕ್ ಮತ್ತು ಬ್ರಾಹ್ಮೀ ಎರಡೂ ಇದ್ದ ಅಗಾಥೊಕ್ಲೀಸ್ ಅರಸನ ನಾಣ್ಯವನ್ನು ನೋಡಿ, ಅವನ ಹೆಸರಿನ ಅಕ್ಷರಗಳನ್ನು ಗುರುತಿಸಿದರು. ೧೮೩೭ರಲ್ಲಿ ಕ್ಯಾಪ್ಟನ್ ಸ್ಮಿಥ್ ಎಂಬವರು ಸಾಂಚಿಯ ಸ್ತೂಪದ ಕಟಕಟೆಯ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳನ್ನು ಪ್ರತಿಮಾಡಿ ಕಳುಹಿಕೊಟ್ಟರು. ಅವುಗಳಲ್ಲಿ ಹೆಚ್ಚಿನವೆಲ್ಲ ಅವೇ ಎರಡು ಅಕ್ಷರಗಳಿಂದ ಮುಗಿಯುವದನ್ನು ಪ್ರಿನ್ಸೆಪರು ಕಂಡರು. ಗುಡಿಗೆ ಕಲ್ಲು ಕಂಬಗಳನ್ನು ಕೊಟ್ಟವರು ತಮ್ಮ ಹೆಸರನ್ನು ಕೆತ್ತಿಸುವದು ನಮ್ಮ ದೇಶದ ರೂಢಿಯಷ್ಟೆ? ಹಾಗಾದರೆ ಆ ಕೊನೆಯ ಶಬ್ದವು ದಾನಂ ಎಂದಿರಬೇಕೆಂದು ಅವರು ತರ್ಕಿಸಿದರು. ತರ್ಕವು ನಿಜವಾಯಿತು. ದಕಾರ ನಕಾರಗಳು ದೊರೆತವು. ಅವುಗಳ ಬೆನ್ನಹಿಂದೆ ಉಳಿದವೂ ಬಂದವು. ಸೊಸಾಯಿಟಿಯ ಪಂಡಿತರಾದ ಕಮಲಾಕಾಂತ ವಿದ್ಯಾಲಂಕಾರರು ಅವರಿಗೆ ನೆರವಾದರು. ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಅರಸನು ಸಿಂಹಲದವನಾಗಿರಬೇಕೆಂದು ಸಾಹೇಬರು ಮೊದಲು ಭಾವಿಸಿದ್ದರು; ಸಿಂಹಲದಲ್ಲಿದ್ದ ಟರ್ನರ್ ಸಾಹೇಬರು ಪಾಲಿ ಗ್ರಂಥದ ಆಧಾರದಿಂದ ಅವನು ಅಶೋಕನೇ ಎಂದು ತೋರಿಸಿಕೊಡಲು, ಕೂಡಲೇ ಒಪ್ಪಿಕೊಂಡರು.

೧೮೩೮ರಲ್ಲಿ ಕಾಠೇವಾಡದ ಗಿರನಾರದ ಬಂಡೆಯನ್ನು ಓದುತ್ತಿರುವಾಗ ಅದರಲ್ಲಿ ಅಂಟಿಯೋಕಸ್ ಎಂಬ ಯವನರಾಜನ ಹೆಸರು ಕಂಡಿತು. ಇನ್ನೊಂದೆಡೆಯಲ್ಲಿ ಟಾಲೆಮಿ, ಮಾಗಸ್ ಎಂಬ ಅರಸರ ಹೆಸರುಗಳೂ ದೊರೆತವು. ಈ ಅರಸರ ಕಾಲವು ಗ್ರೀಕ್ ಇತಿಹಾಸದಿಂದ ಗೊತ್ತಿದ್ದದರಿಂದ, ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದವನೆಂಬದು ಸ್ಥಿರವಾಯಿತು. ನಮ್ಮ ದೇಶದ ಪ್ರಾಚೀನ ಇತಿಹಾಸಕ್ಕೆ ಕಾಲದ ಗೂಟವು ನೆಡಲ್ಪಟ್ಟದ್ದು ಹೀಗೆ.

ಆದರೆ ಇದಕ್ಕೆಲ್ಲ ತೆತ್ತ ಬೆಲೆಯು ಅಲ್ಪವಾಗಿರಲಿಲ್ಲ. ಹಗಲೆಲ್ಲ ಟಂಕಸಾಲೆಯ ಕೆಲಸ, ರಾತ್ರಿಯಲ್ಲಿ ಸೊಸಾಯಿಟಿಯ ಮಾಸಪತ್ರಿಕೆಯ ಸಂಪಾದನೆ, ಶಾಸನಗಳ ಓದು, ಪತ್ರವ್ಯವಹಾರ, ನಾಣ್ಯಗಳ ಚಿತ್ರಗಳನ್ನು ಸ್ವಹಸ್ತದಿಂದ ಬರೆಯುವದು, ಹೀಗೆ ವಿಶ್ರಾಂತಿಯಿಲ್ಲದೆ ದುಡಿದ ದೇಹವು ೧೮೩೮ರಲ್ಲಿ ಕುಸಿಯಿತು. ಸಹಿಸಲಾಗದ ತಲೆನೋವು ಹತ್ತಿತು. ಆ ವರುಷದ ಕೊನೆಯಲ್ಲಿ ಹಡಗನ್ನೇರಿ ಸ್ವದೇಶಕ್ಕೆ ಹೋದರೂ ಗುಣವಾಗಲಿಲ್ಲ. ಆ ತೀಕ್ಷ್ಣವಾದ ಬುದ್ಧಿಯೇ ಮಂಕಾಯಿತು. ೧೮೪೦ನೆಯ ಇಸವಿಯ ಏಪ್ರಿಲ್ ೨೨ರಂದು, ನಾಲ್ವತ್ತು ವರುಷಗಳ ಪ್ರಾಯದಲ್ಲಿ, ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಲಂಡನ್ನಿನಲ್ಲಿ ತೀರಿಕೊಂಡರು. ಕಲಕತ್ತೆಯವರು ಅವರ ನೆನಪಿಗಾಗಿ ಹುಗಳಿ ನದಿಯ ದಂಡೆಯಲ್ಲಿ ಕಟ್ಟಿಸಿದ ಪ್ರಿನ್ಸೆಪ್ ಘಾಟು ಈಗಲೂ ಇದೆ.

ಸಾಹೇಬರು ಕನ್ನಡನಾಡನ್ನು ಕಂಡವರಲ್ಲ. ಆದರೂ ಅವರ ಶ್ರಮದ ಫಲವು ನಮ್ಮ ಬಾಗಿಲಿಗೆ ಬಂದಿದೆ. ಅವರು ಬ್ರಾಹ್ಮಿಯನ್ನು ಓದಿದ ೧೮೩೭ನೆಯ ವರುಷದಲ್ಲಿಯೇ ಬೆಂಗಳೂರಿನಲ್ಲಿ ಮಿಶನರಿಯೊಬ್ಬರ ಮನೆಯಲ್ಲಿ ಲೂಯಿಸ್ ರೈಸ್ ಎಂಬ ಮಗುವು ಹುಟ್ಟಿತು. ಆ ರೈಸ್ ಸಾಹೇಬರೇ ೧೮೯೨ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಅಲ್ಲಿ ಒಂದು ಸೋಜಿಗವುಂಟು. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬ ಲಿಪಿಕಾರನು, ಕೊನೆಯಲ್ಲಿ ಲಿಪಿಕಾರನಿಂದ ಎಂಬರ್ಥದ ಶಬ್ದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಯವನರ ನಾಣ್ಯಗಳಿಂದ ಬಿಡಿಸಿದ ಆ ವಾಯವ್ಯದ ಲಿಪಿಯು ಕನ್ನಡನಾಡಿನ ಬಂಡೆಯ ಮೇಲೆ ನಿಂತಿರುವದು! ೧೯೧೫ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನೆಂಬ ಹೆಸರನ್ನೇ ಹೇಳಿ ಟರ್ನರ್ ಸಾಹೇಬರ ಮಾತನ್ನು ಸ್ಥಾಪಿಸಿತು. ೧೯೩೧ರಲ್ಲಿ ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಎರಡು ಶಾಸನಗಳು ಬೆಳಕಿಗೆ ಬಂದವು. ೧೯೫೮ರಲ್ಲಿ ಕಂದಹಾರದಲ್ಲಿ ಅಶೋಕನು ಗ್ರೀಕ್ ಭಾಷೆಯಲ್ಲಿಯೇ ಬರೆಯಿಸಿದ ಶಾಸನವೂ ದೊರೆಯಿತು. ಕಂದಹಾರದ ಯವನ ಪ್ರಜೆಗೂ ಕೊಪ್ಪಳದ ಪ್ರಜೆಗೂ ಒಬ್ಬನೇ ಅರಸನು ಧರ್ಮವನ್ನು ಬೋಧಿಸಿದನೆಂದು ಈ ಕಲ್ಲುಗಳೇ ಸಾಕ್ಷಿ ಹೇಳುತ್ತವೆ.

ನಾವು ದಿನಾಲು ಬರೆಯುವ ಕನ್ನಡ ಅಕ್ಷರಗಳೂ ಆ ಬ್ರಾಹ್ಮಿಯ ಸಂತಾನವೇ. ಅಶೋಕನ ಕಾಲದಲ್ಲಿ ಕಕಾರವು ಕೂಡಿಸುವ ಲೆಕ್ಕದ ಚಿಹ್ನೆಯಂತೆ ಎರಡು ಅಡ್ಡ ಗೆರೆಗಳಾಗಿತ್ತು. ಠಕಾರವು ಬರಿಯ ಒಂದು ದುಂಡು ಗೆರೆಯಾಗಿತ್ತು. ಡಂಬಳದಿಂದ ಪೂರ್ವಕ್ಕಿರುವ ಕೊಪ್ಪಳಕ್ಕೆ ಒಂದು ದಿನದಲ್ಲಿ ಹೋಗಿ ಬರಬಹುದು. ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿದ್ದಾರೆ. ಮಕ್ಕಳನ್ನು ಒಮ್ಮೆ ಗವಿಮಠದ ಬಂಡೆಯ ಹತ್ತಿರಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಕಕಾರವನ್ನು ಅವರಿಂದಲೇ ಹುಡುಕಿಸಬೇಕೆಂದು ನಮ್ಮ ಬಿನ್ನಹ. ಕಣ್ಣು ಮಂದವಾಗಿದ್ದ ಒಬ್ಬ ತರುಣನು, ತನ್ನ ತಪ್ಪನ್ನು ಒಪ್ಪಿಕೊಳ್ಳಲು ನಾಚದೆ, ಇತರರ ನೆರವನ್ನು ಮರೆಮಾಡದೆ ದುಡಿದದರಿಂದ ಆ ಅಕ್ಷರವು ನಮಗೆ ತಿರುಗಿ ದೊರಕಿತೆಂಬದನ್ನು ಆಗ ಹೇಳಿದರೆ, ಮಕ್ಕಳು ಅದನ್ನು ಮರೆಯಲಿಕ್ಕಿಲ್ಲ.