ಮೂವತ್ತು ಇಂಚಿನ ಚಕ್ರ, ಎರಡು ಗೇರ್ ಮತ್ತು ಹೆನ್ರಿ ಫೋರ್ಡ್

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಒಂದು ಪುಟ್ಟ ಲೋಡ್ ಗಾಡಿ ಮಾಡಿದ್ದೆವು. ಹಳೇ ಸ್ಕೂಟರ್ ಎಂಜಿನ್, ಹಿಂದೆ ಒಂದು ತಗಡಿನ ತೊಟ್ಟಿ. ಮೈಲೇಜ್ ಜಾಸ್ತಿ ಬರಲಿ ಅಂತ ದೊಡ್ಡ ಚಕ್ರ ಹಾಕಿದೆವು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ, ಎಂಜಿನ್‌ಗೆ ಕಡಿಮೆ ಸುತ್ತು, ಪೆಟ್ರೋಲ್ ಉಳಿತಾಯ. ಇಷ್ಟೇ ನಮ್ಮ ಲೆಕ್ಕ. ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡಿತು. ಎರಡು ಮೂಟೆ ಸಿಮೆಂಟ್ ಹೇರಿಕೊಂಡು ಹಾಸ್ಟೆಲ್ ಹಿಂದಿನ ಏರು ಹತ್ತಿಸೋಕೆ ಹೋದಾಗ ಅರ್ಧಕ್ಕೇ ನಿಂತುಬಿಡ್ತು. ಎಲ್ಲರ ಎದುರು ತಳ್ಳಿಕೊಂಡು ವಾಪಸ್ ಬಂದೆವು.

ಯಾಕೆ ಹೀಗಾಯ್ತು ಅಂತ ಓದುತ್ತಾ ಹೋದಾಗ ನಮಗೆ ಸಿಕ್ಕಿದ್ದು ಹೆನ್ರಿ ಫೋರ್ಡ್ ಜೀವನ. ಫೋರ್ಡ್ ಅಂದ ತಕ್ಷಣ ಎಲ್ಲರೂ ಅಸೆಂಬ್ಲಿ ಲೈನ್ ಬಗ್ಗೆ ಮಾತಾಡ್ತಾರೆ. ನಾವು ಇಲ್ಲಿ ಚಕ್ರ, ಗೇರ್, ಎಂಜಿನ್ ಈ ಮೂರನ್ನು ಹಿಡಿದುಕೊಂಡು ಆತನ ಕಥೆ ಹೇಳ್ತೀವಿ.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಇವತ್ತಿನ ಡಿಯರ್‌ಬಾರ್ನ್ ಹತ್ತಿರದ ಒಂದು ತೋಟದ ಮನೆಯಲ್ಲಿ. ಅಪ್ಪ ವಿಲಿಯಂ ರೈತ. ಹುಡುಗನಿಗೆ 12 ವರ್ಷ ಇದ್ದಾಗ ತಾಯಿ ಮೇರಿ ತೀರಿಕೊಂಡರು. ಅದೇ 1876ರಲ್ಲಿ ಆತ ರಸ್ತೆಯ ಮೇಲೆ ಒಂದು ಉಗಿ ಎಂಜಿನ್ ಕುದುರೆಯಿಲ್ಲದೆ ತಾನೇ ಚಲಿಸುತ್ತಾ ಬರೋದನ್ನ ನೋಡಿದ. ಬೇಸಾಯದಲ್ಲಿ ಮನಸ್ಸು ನಿಲ್ಲಲಿಲ್ಲ. 16ನೇ ವಯಸ್ಸಿಗೆ ಡೆಟ್ರಾಯಿಟ್‌ಗೆ ಹೋಗಿ ಮೆಷಿನ್ ಶಾಪ್‌ನಲ್ಲಿ ಕೆಲಸ ಕಲಿತ. 1888ರಲ್ಲಿ ಕ್ಲಾರಾ ಬ್ರಯಂಟ್ ಜೊತೆ ಮದುವೆ. 1891ರಲ್ಲಿ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. 1893ರಲ್ಲಿ ಒಬ್ಬನೇ ಮಗ ಎಡ್ಸೆಲ್ ಹುಟ್ಟಿದ.

ಹಗಲು ಕೆಲಸ ಮುಗಿಸಿ ರಾತ್ರಿ ಮನೆಯ ಹಿಂದಿನ ಶೆಡ್‌ನಲ್ಲಿ ಆತ ಕಟ್ಟಿದ ಮೊದಲ ಗಾಡಿ ಕ್ವಾಡ್ರಿಸೈಕಲ್. ಸೈಕಲ್ ಥರದ ನಾಲ್ಕು ಚಕ್ರ, ಸುಮಾರು 4 ಅಶ್ವಶಕ್ತಿಯ ಎಂಜಿನ್, ಎರಡು ವೇಗ, ರಿವರ್ಸ್ ಇಲ್ಲವೇ ಇಲ್ಲ. 1896ರ ಜೂನ್ 4ರ ಬೆಳಗಿನ ಜಾವ ಗಾಡಿ ರೆಡಿ ಆದಾಗ ಶೆಡ್ ಬಾಗಿಲಿಗಿಂತ ಗಾಡಿಯೇ ಅಗಲ! ಕೊಡಲಿ ತಗೊಂಡು ಗೋಡೆ ಒಡೆದು ಹೊರಗೆ ತರಬೇಕಾಯ್ತು. ನಮ್ಮಂಥವರಿಗೆ ಇದನ್ನು ಓದಿ ಸ್ವಲ್ಪ ಸಮಾಧಾನ ಆಯ್ತು ಅಂತ ಒಪ್ಪಿಕೊಳ್ತೀವಿ.

1899ರಲ್ಲಿ ಶುರುವಾದ ಡೆಟ್ರಾಯಿಟ್ ಆಟೋಮೊಬೈಲ್ ಕಂಪನಿಯಲ್ಲಿ ಆತ ಮೊದಲು ಹೊರತಂದಿದ್ದು ಸಾಮಾನು ಸಾಗಿಸುವ ಒಂದು ಗಾಡಿಯನ್ನೇ. ಅದು ಭಾರ, ನಿಧಾನ, ಪದೇ ಪದೇ ಕೆಡುತ್ತಿತ್ತು. 1901ಕ್ಕೆ ಕಂಪನಿ ಮುಚ್ಚಿತು. ಎರಡನೇ ಕಂಪನಿಯನ್ನು ಆತನೇ ಬಿಟ್ಟು ಬಂದ. 1903ರ ಜೂನ್‌ನಲ್ಲಿ ಶುರುವಾದ ಫೋರ್ಡ್ ಮೋಟಾರ್ ಕಂಪನಿ ಮೂರನೆಯದು.

1908ರ ಅಕ್ಟೋಬರ್‌ನಲ್ಲಿ ಮಾಡೆಲ್ ಟಿ ಬಂತು. ಆ ಕಾಲದ ಅಮೆರಿಕದ ಹಳ್ಳಿ ರಸ್ತೆ ಅಂದ್ರೆ ಕೆಸರು ಮತ್ತು ಎತ್ತಿನ ಗಾಡಿ ಜಾಡಿನಂಥ ಆಳದ ಹಳ್ಳ. ಅದಕ್ಕೇ ಟೈರ್ ಸೇರಿ 30 ಇಂಚಿನ ಎತ್ತರದ, ತೆಳ್ಳನೆಯ ಚಕ್ರ. ಎಂಜಿನ್ 2.9 ಲೀಟರ್, ನಾಲ್ಕು ಸಿಲಿಂಡರ್, ಕೇವಲ 20 ಅಶ್ವಶಕ್ತಿ. ವೆನೇಡಿಯಂ ಸೇರಿಸಿದ ಗಟ್ಟಿ ಉಕ್ಕು ಬಳಸಿದ್ದರಿಂದ ಭಾಗಗಳು ತೆಳುವಾದವು, ಗಾಡಿ ಹಗುರವಾಯ್ತು. ಮುಂದಕ್ಕೆ ಎರಡೇ ಗೇರ್. ಮೈಲೇಜ್ ಲೀಟರ್‌ಗೆ ಸುಮಾರು 5.5ರಿಂದ 9 ಕಿಲೋಮೀಟರ್.

ಈಗ ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. 30 ಇಂಚಿನ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2.4 ಮೀಟರ್ ಮುಂದೆ ಹೋಗುತ್ತೆ. ಒಂದು ಕಿಲೋಮೀಟರ್‌ಗೆ ಸುಮಾರು 418 ಸುತ್ತು. ಮಾಡೆಲ್ ಟಿ ಹಿಂದಿನ ಆಕ್ಸಲ್‌ನ ಅನುಪಾತ 3.64. ಅಂದ್ರೆ ಟಾಪ್ ಗೇರ್‌ನಲ್ಲಿ ಕಿಲೋಮೀಟರ್‌ಗೆ ಎಂಜಿನ್ ಸುಮಾರು 1520 ಸುತ್ತು ತಿರುಗಬೇಕು. ಪ್ರತಿ ಸುತ್ತಿಗೂ ಪಿಸ್ಟನ್ ಉಜ್ಜಾಟ, ಗಾಳಿ ಎಳೆದುಕೊಳ್ಳುವ ಶ್ರಮ ಅಂತ ಒಂದಿಷ್ಟು ಇಂಧನ ಸುಮ್ಮನೆ ಖರ್ಚಾಗುತ್ತೆ. ಹಾಗಾಗಿ ಸುತ್ತು ಕಡಿಮೆಯಾದಷ್ಟೂ ಲಾಭ. ನಮ್ಮ ಲೆಕ್ಕ ಇಲ್ಲಿವರೆಗೂ ಸರಿಯಾಗೇ ಇತ್ತು.

ಆದರೆ ಸುತ್ತು ಕಡಿಮೆ ಮಾಡಿದಷ್ಟೂ ಚಕ್ರ ರಸ್ತೆಯನ್ನು ತಳ್ಳುವ ಬಲವೂ ಕಡಿಮೆಯಾಗುತ್ತೆ. ಕಡಿದಾದ ಏರು ಬಂದಾಗ ಮಾಡೆಲ್ ಟಿ ಓಡಿಸುವವರು ಏನು ಮಾಡ್ತಿದ್ರು ಗೊತ್ತಾ? ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸ್ತಿದ್ರು! ಇದಕ್ಕೆ ಎರಡು ಕಾರಣ. ರಿವರ್ಸ್ ಗೇರ್ ಮೊದಲ ಗೇರ್‌ಗಿಂತ ಹೆಚ್ಚು ಬಲ ಕೊಡುತ್ತಿತ್ತು. ಜೊತೆಗೆ ಪೆಟ್ರೋಲ್ ಪಂಪ್ ಇರಲಿಲ್ಲ, ಸೀಟಿನ ಕೆಳಗಿನ ಟ್ಯಾಂಕ್‌ನಿಂದ ಇಂಧನ ತಾನಾಗೇ ಹರಿದು ಬರಬೇಕಿತ್ತು. ಮೂತಿ ಮೇಲಾದರೆ ಹರಿವು ನಿಲ್ಲುತ್ತಿತ್ತು.

ರೈತರಿಗೆ ಈ ಗಾಡಿ ತುಂಬಾ ಹಿಡಿಸಿತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದ ಮೇಲೆ 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಜೋಡಣೆ ಸುಮಾರು 93 ನಿಮಿಷಕ್ಕೆ ಇಳಿಯಿತು, ಬೆಲೆಯೂ ಇಳಿಯುತ್ತಾ ಹೋಯ್ತು. ಜನ ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿ ಸಾಮಾನು ಹೇರತೊಡಗಿದರು.

ಅದಕ್ಕೆ ಫೋರ್ಡ್ ಕೊಟ್ಟ ಉತ್ತರಗಳು ಎರಡು. ಒಂದು, 1917ರ ಮಾಡೆಲ್ ಟಿಟಿ, ಒಂದು ಟನ್ ಲಾರಿ. ಎಂಜಿನ್ ಅದೇ 20 ಅಶ್ವಶಕ್ತಿಯದು. ಬದಲಾಗಿದ್ದು ಗಟ್ಟಿಯಾದ ಚಾಸಿಸ್ ಮತ್ತು ಹಿಂದಿನ ಆಕ್ಸಲ್. ಅನುಪಾತ 7.25ಕ್ಕೆ ಏರಿತು. ಲೆಕ್ಕಕ್ಕೆ ಚಕ್ರ ಅಷ್ಟೇ ಇರಲಿ ಅಂದುಕೊಂಡರೆ ಕಿಲೋಮೀಟರ್‌ಗೆ 3000ಕ್ಕೂ ಹೆಚ್ಚು ಸುತ್ತು, ಕಾರಿನ ಎರಡರಷ್ಟು! ಬಲ ಎರಡರಷ್ಟಾಯ್ತು, ವೇಗ ಅರ್ಧ ಆಯ್ತು. ಲೋಡ್ ಕಡಿಮೆ, ರಸ್ತೆ ಚೆನ್ನಾಗಿದೆ ಅನ್ನುವವರಿಗೆ 5.17ರ ಅನುಪಾತವೂ ಸಿಗುತ್ತಿತ್ತು. ಎರಡನೆಯದು, 1925ರ ಏಪ್ರಿಲ್‌ನಲ್ಲಿ ಬಂದ ಪಿಕಪ್. ಮಾಡೆಲ್ ಟಿ ಕಾರಿಗೇ ಹಿಂದೆ ಉಕ್ಕಿನ ತೊಟ್ಟಿ, ಗಟ್ಟಿ ಸ್ಪ್ರಿಂಗ್, ಬೆಲೆ 281 ಡಾಲರ್. ಒಂದೇ ಎಂಜಿನ್, ಎರಡು ಕೆಲಸ. ಹಗುರ ಹೊರೆ ಹೊತ್ತು ಊರಿಗೆ ಹೋಗಿ ಬರುವವನು ಟಿಟಿ ತಗೊಂಡರೆ ಇಂಧನ ದಂಡ. ಟನ್ ಹೇರುವವನು ಪಿಕಪ್ ತಗೊಂಡರೆ ಸದಾ ಮೊದಲ ಗೇರ್‌ನಲ್ಲಿ ಒದ್ದಾಡಿ ಇನ್ನೂ ಹೆಚ್ಚು ದಂಡ. ಆ ಮೊದಲ ಗೇರ್‌ನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಹತ್ತು ಸುತ್ತು ತಿರುಗಬೇಕಿತ್ತು. ನಮ್ಮ ಸಿಮೆಂಟ್ ಗಾಡಿಯ ಕಥೆ ಇದೇ.

ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಮನುಷ್ಯ ಎಡವಿದ್ದು ಮಾತ್ರ ಇದೇ ಜಾಗದಲ್ಲಿ. 1920ರ ದಶಕದಲ್ಲಿ ರಸ್ತೆಗಳು ಸುಧಾರಿಸಿದವು, ಜನರಿಗೆ ವೇಗ ಬೇಕಾಯ್ತು. ಎರಡೇ ಗೇರ್ ಇದ್ದಾಗ ಒಂದರಲ್ಲಿ ಎಂಜಿನ್ ಕಿರುಚುತ್ತೆ, ಇನ್ನೊಂದರಲ್ಲಿ ಏದುಸಿರು ಬಿಡುತ್ತೆ. ಮಧ್ಯದ ಗೇರ್ ಬೇಕಿತ್ತು. ಎದುರಾಳಿ ಷೆವ್ರೊಲೆಯಲ್ಲಿ ಮೂರು ಗೇರ್ ಇದ್ದವು. ಮಗ ಎಡ್ಸೆಲ್ 1919ರಿಂದ ಕಂಪನಿಯ ಅಧ್ಯಕ್ಷ. ಆದರೆ ಅದು ಹೆಸರಿಗೆ ಮಾತ್ರ, ಕೊನೆಯ ಮಾತು ಅಪ್ಪನದೇ. ಎಡ್ಸೆಲ್ ಬದಲಾವಣೆ ಬೇಕು ಅಂದ, ಅಪ್ಪ ಕೇಳಲಿಲ್ಲ. 1926ರಲ್ಲಿ ಎಡ್ಸೆಲ್‌ನ ಷಡ್ಡಕ ಅರ್ನೆಸ್ಟ್ ಕ್ಯಾನ್ಜ್ಲರ್ ಹೊಸ ಮಾಡೆಲ್ ಬೇಕೇಬೇಕು ಅಂತ ವಿನಯದಿಂದಲೇ ಪತ್ರ ಬರೆದ. ಕೆಲವೇ ತಿಂಗಳಲ್ಲಿ ಆತ ಕಂಪನಿಯಿಂದ ಹೊರಗಿದ್ದ.

1927ರ ಮೇನಲ್ಲಿ ಒಂದೂವರೆ ಕೋಟಿಯ ಗಾಡಿ ಹೊರಬಂದ ಬೆನ್ನಿಗೇ ಮಾಡೆಲ್ ಟಿ ನಿಂತಿತು. ಮುಂದಿನ ಗಾಡಿಯ ವಿನ್ಯಾಸ ರೆಡಿ ಇರಲಿಲ್ಲ. ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿತು, ಸಾವಿರಾರು ಕಾರ್ಮಿಕರು ಕೆಲಸವಿಲ್ಲದೆ ಕೂತರು. ಡಿಸೆಂಬರ್‌ನಲ್ಲಿ ಮಾಡೆಲ್ ಎ ಬಂತು. 40 ಅಶ್ವಶಕ್ತಿ, ಮೂರು ಗೇರ್, 21 ಇಂಚಿನ ಚಕ್ರ. ಚಕ್ರ ಚಿಕ್ಕದಾಯ್ತಲ್ಲ ಅಂತ ನಾವೂ ಮೋಸ ಹೋದೆವು. 21 ಅನ್ನೋದು ರಿಮ್ ಅಳತೆ, ನಾಲ್ಕೂವರೆ ಇಂಚಿನ ಟೈರನ್ನು ಎರಡೂ ಕಡೆ ಸೇರಿಸಿದರೆ ಮತ್ತೆ ಅದೇ 30! ಲೆಕ್ಕಕ್ಕೆ ಬರೋದು ಹೊರಗಿನ ವ್ಯಾಸ, ರಿಮ್ ಅಲ್ಲ. ಶಕ್ತಿ ಎರಡರಷ್ಟಾದರೂ ಮೈಲೇಜ್ ಇಳಿಯಲಿಲ್ಲ, ಲೀಟರ್‌ಗೆ ಸುಮಾರು 8.5ರಿಂದ 12ಕ್ಕೆ ಏರಿತು.

1932ರಲ್ಲಿ ಕಡಿಮೆ ಬೆಲೆಗೆ 65 ಅಶ್ವಶಕ್ತಿಯ ವಿ-8 ಎಂಜಿನ್ ಕೊಟ್ಟು ಫೋರ್ಡ್ ಮತ್ತೆ ಎಲ್ಲರನ್ನೂ ಬೆರಗಾಗಿಸಿದ. ಇಂಧನ ಉಳಿಸುವವರಿಗೆ ಅಂತ 1937ರಲ್ಲಿ 60 ಅಶ್ವಶಕ್ತಿಯ ಚಿಕ್ಕ ವಿ-8 ಬಂತು. ಹಗುರ ಗಾಡಿಗೆ ಪರವಾಗಿಲ್ಲ, ಭಾರದ ಗಾಡಿಗೆ ಸಾಲಲಿಲ್ಲ. ಆರು ಸಿಲಿಂಡರ್ ಎಂಜಿನ್ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಎಡ್ಸೆಲ್ ಅದಕ್ಕೂ ವರ್ಷಗಟ್ಟಲೆ ಕಾಯಬೇಕಾಯ್ತು, 1941ರಲ್ಲಿ ಬಂತು. 1943ರ ಮೇ ತಿಂಗಳಲ್ಲಿ 49ನೇ ವಯಸ್ಸಿಗೆ ಎಡ್ಸೆಲ್ ಕ್ಯಾನ್ಸರ್‌ನಿಂದ ತೀರಿಕೊಂಡ. ಸುಮಾರು 80 ವರ್ಷದ ಅಪ್ಪ ಮತ್ತೆ ಅಧ್ಯಕ್ಷನ ಕುರ್ಚಿಯಲ್ಲಿ ಕೂತ.

ಫೋರ್ಡ್‌ನನ್ನು ದೇವರು ಮಾಡೋದು ಬೇಡ. ದಿನಕ್ಕೆ 5 ಡಾಲರ್ ಕೂಲಿ ಕೊಟ್ಟ ಅದೇ ಮನುಷ್ಯನ ಕಂಪನಿಯ ಕಾವಲಿನವರು 1937ರಲ್ಲಿ ಕಾರ್ಮಿಕ ಸಂಘದವರನ್ನು ಹೊಡೆದರು. ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವರ್ಷಗಟ್ಟಲೆ ವಿಷ ಬರೆಸಿದ. ಇವೂ ಆತನ ಜೀವನದ ಭಾಗವೇ.

1947ರ ಏಪ್ರಿಲ್ 7ರ ರಾತ್ರಿ, 83ನೇ ವಯಸ್ಸಿನಲ್ಲಿ ಫೋರ್ಡ್ ತೀರಿಕೊಂಡ. ರೂಜ್ ನದಿಗೆ ನೆರೆ ಬಂದು ಮನೆಯ ವಿದ್ಯುತ್ ಕೆಟ್ಟಿತ್ತು, ದೀಪ ಮತ್ತು ಮೇಣದ ಬತ್ತಿಯ ಬೆಳಕಿತ್ತು.

ನಮ್ಮ ಗಾಡಿ ವಿಷಯಕ್ಕೆ ಬಂದರೆ, ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕೋಣ ಅಂತ ನಮ್ಮಲ್ಲೊಬ್ಬ ಮೊದಲ ದಿನವೇ ಹೇಳಿದ್ದ. ಉಳಿದ ಮೂವರು ಆತನ ಬಾಯಿ ಮುಚ್ಚಿಸಿದ್ದೆವು. ಎಡ್ಸೆಲ್ ಕಥೆ ಓದಿದ ಮೇಲೆ ಅವನ ರೂಮಿಗೆ ಹೋಗಿ ಸಾರಿ ಕೇಳಿದೆವು. ಸ್ಪ್ರಾಕೆಟ್ ಬದಲಾಯಿಸಿದೆವು. ಈಗ ಎರಡು ಮೂಟೆ ಹೊತ್ತು ಏರು ಹತ್ತುತ್ತೆ, ನಿಧಾನಕ್ಕೆ.