ಪಾಯ ಹಾಕಿದ ಡಾ. ಎಂ. ವಿ. ಗೋವಿಂದಸ್ವಾಮಿ

ನಮ್ಮ ಸಮೀರವಾಡಿ ಕಡೆ ಯಾರಿಗಾದರೂ ತಲ್ಯಾಗ ಗಡ್ಡಿ ಅಂದ್ರ ಕೇಳಿಬರೋ ಹೆಸರು ಬೆಂಗಳೂರಿನ ನಿಮ್ಹಾನ್ಸ್. ಅದಕ್ಕೆ ಪಾಯ ಹಾಕಿದವರು ಡಾ. ಎಂ. ವಿ. ಗೋವಿಂದಸ್ವಾಮಿ.

ವಿದೇಶದಲ್ಲಿ ಓದಿ ಬಂದು ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾದರು. 1954ರಲ್ಲಿ ಅಲ್ಲೇ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ಜನ ಹುಚ್ಚಾಸ್ಪತ್ರೆ ಅಂತ ದೂರ ಇಟ್ಟಿದ್ದ ಜಾಗದಲ್ಲಿ ಪಾಠ, ಸಂಶೋಧನೆ ನಡೆದವು. 1958ರಲ್ಲಿ ಡಾ. ಆರ್. ಎಂ. ವರ್ಮಾ ಅಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆರಂಭಿಸಿದರು.

1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯ್ತು. ಅದನ್ನು ನೋಡಲು ಗೋವಿಂದಸ್ವಾಮಿ ಇರಲಿಲ್ಲ.

ಇವತ್ತು ಅಮೆರಿಕದಲ್ಲಿ ಗಡ್ಡೆ ಕೊಲ್ಲುವ ವೈರಸ್ಸನ್ನು ನರ ಕಾಂಡಕೋಶಗಳಲ್ಲಿ ತುಂಬಿ ಮಿದುಳಿಗೆ ಬಿಡುವ ಪ್ರಯೋಗ ನಡೆದಿದೆ. ಅಂಥ ಕೆಲಸಕ್ಕೆ ಶಸ್ತ್ರವೈದ್ಯರೂ ವೈರಸ್ ಬಲ್ಲವರೂ ಒಂದೇ ಕಡೆ ಬೇಕು. ನಿಮ್ಹಾನ್ಸ್‌ನಲ್ಲಿ ಇಬ್ಬರೂ ಇದ್ದಾರೆ.